ಕರಿಜಾಲಿ: ಕಡಿಯುವ ಮುನ್ನ ಬಿತ್ತತಕ್ಕ ಮರ

ನಮ್ಮ ಬಯಲುಸೀಮೆಯ ಎರೆಭೂಮಿಯಲ್ಲಿ ಕರಿಜಾಲಿಯನ್ನರಿಯದ ರೈತರಿಲ್ಲ. ಕೆಲವೆಡೆ ಇದನ್ನು ಗೊಬ್ಬಳಿಯೆಂತಲೂ ಕರೆಯುವರು. ಮಳೆ ಕಡಮೆಯಾದ ಹೊಲದಲ್ಲಿಯೂ, ಕೆಲವು ಕಾಲ ನೀರು ನಿಲ್ಲುವ ಕೆರೆಯಂಗಳದಲ್ಲಿಯೂ ಇದು ಬೆಳೆಯುವುದು. ಇದರ ಗಟ್ಟಿಯಾದ ಚೇಗು ಬಂಡಿಯ ಗಾಲಿಗೂ, ನೊಗ, ಕುಂಟೆ, ಕೂರಿಗೆಗಳಿಗೂ ಒದಗುವುದು. ತೊಗಟೆಯು ತೊಗಲನ್ನು ಹದಮಾಡಲಿಕ್ಕೂ, ಕಾಯಿಯು ಬೇಸಗೆಯಲ್ಲಿ ಆಡುಕುರಿಗಳ ಮೇವಿಗೂ, ಮುಳ್ಳು ಬೇಲಿಗೂ ಬರುವುವು. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯಲ್ಲಿನ ಸಾರಜನಕವನ್ನು ಹಿಡಿದುಕೊಡುವುವು.

ಇಂತಹ ಮರವನ್ನು ಬಳ್ಳಾರಿ ಜಾಲಿಯೊಡನೆ ಒಂದೇ ಎಂದೆಣಿಸಿ ಇದ್ದಲಿಗಾಗಿ ಕಡಿಸುವುದು ದೊಡ್ಡ ತಪ್ಪು. ಬಳ್ಳಾರಿ ಜಾಲಿಯು ಅಮೆರಿಕ ಖಂಡದ ಗಿಡ. 1877ರ ಸುಮಾರಿಗೆ ಅಂದಿನ ಮದ್ರಾಸ್ ಪ್ರಾಂತಕ್ಕೆ ಅದರ ಬೀಜವು ಬಂದಿತು. ಗುರುತು ಸುಲಭ. ಕರಿಜಾಲಿಯ ಹೂವು ಹಳದಿಯ ಚಿಕ್ಕ ಚೆಂಡಿನಂತಿರುವುದು. ಕಾಯಿಯು ಬೂದುಬಣ್ಣದ್ದಾಗಿ, ಬೀಜಬೀಜಕ್ಕೂ ನಡುವೆ ಇರುಕಿ, ಮಣಿಸರದಂತೆ ಕಾಣುವುದು. ಬಳ್ಳಾರಿ ಜಾಲಿಯ ಹೂವು ಉದ್ದನೆಯ ತೆನೆಯಂತಿದ್ದು, ಮಾಗಿದ ಕಾಯಿಯು ಹಳದಿಯಾಗಿ ಸಿಹಿಯಾಗಿರುವುದು.

ಮುಖ್ಯವಾದ ಭೇದವು ಕಡಿದ ಮೇಲೆ ತಿಳಿಯುವುದು. ಬಳ್ಳಾರಿ ಜಾಲಿಯನ್ನು ಕಡಿದಷ್ಟೂ ಬುಡದಿಂದ ಚಿಗುರೊಡೆದು ಪೊದೆಯಾಗುವುದು. ಬಲಿತ ಕರಿಜಾಲಿಯ ಮೋಟು ಸಾಮಾನ್ಯವಾಗಿ ಸರಿಯಾಗಿ ಚಿಗುರದು. ಎರಡನ್ನೂ ಒಟ್ಟಿಗೆ ಕಡಿಸಿದ ನೆಲದಲ್ಲಿ ಒಳ್ಳೆಯದು ಅಳಿದು ಕೆಟ್ಟದ್ದು ಉಳಿಯುವುದು. ಆದುದರಿಂದ ಕರಿಜಾಲಿಯನ್ನು ಬೀಜದಿಂದಲೇ ಬೆಳೆಸತಕ್ಕದ್ದು.

(1) ಕಾಯಿಗಳು ಏಪ್ರಿಲಿನಿಂದ ಜೂನ್‌ವರೆಗೆ ಮಾಗುವುವು. ಕಾಯಿ ತಿಂದ ಆಡುಗಳ ಹಟ್ಟಿಯಲ್ಲಿ ಬಿದ್ದ ಬೀಜವನ್ನು ಆರಿಸಿಕೊಳ್ಳಬಹುದು. ಅದು ಬೇಗ ಮೊಳೆಯುವುದು.

(2) ಮರದಿಂದ ತೆಗೆದ ಬೀಜದ ಸಿಪ್ಪೆ ಗಡುಸು. ಕುದಿಸಿ ಒಲೆಯಿಂದಿಳಿಸಿದ ನೀರಿನಲ್ಲಿ ಅದನ್ನು ಹಾಕಿ, ಮರುದಿನದವರೆಗೆ ನೆನೆಯಬಿಡಬೇಕು.

(3) ಮುಂಗಾರು ಹಿಡಿದೊಡನೆ ಒಂದೊಂದು ಕುಳಿಗೆ ಮೂರು ಬೀಜಗಳಂತೆ, ಅರ್ಧ ಅಂಗುಲದ ಆಳದಲ್ಲಿ ಊರಿ, ಮುಂದೆ ಒಂದು ಸಸಿಯನ್ನು ಮಾತ್ರ ಉಳಿಸತಕ್ಕದ್ದು.

(4) ಎಳೆಯ ಸಸಿ ನೆರಳನ್ನು ಸಹಿಸದು. ಸುತ್ತಲಿನ ಕಳೆ ಕಿತ್ತು, ಎರಡು ಮೂರು ವರ್ಷ ದನಕರುಗಳ ಬಾಯಿಂದ ಕಾಯಬೇಕು.

ಮರದ ನೆರಳಿನಿಂದಲೂ ಬೇರಿನಿಂದಲೂ ಹತ್ತಿರದ ಪೈರು ಕುಗ್ಗುವುದೆಂಬ ರೈತರ ದೂರು ನಿಜವೇ. ಆ ಕಾರಣ ಹೊಲದ ನಡುವೆ ಬೆಳೆಸದೆ ಹಳ್ಳದ ದಂಡೆ, ಬಂಡಿಜಾಡು, ಕೆರೆಯಂಗಳಗಳನ್ನು ಆರಿಸಿಕೊಳ್ಳುವುದು ಲೇಸು. ಹಿಂಗಾರಿನಲ್ಲಿ ಸೂರ್ಯನು ದಕ್ಷಿಣಕ್ಕಿರುವುದರಿಂದ ನೆರಳು ಬಡಗಣ ಹೊಲಕ್ಕೆ ಬೀಳುವುದು. ಬದುವಿನ ಮೇಲೆ ಬಿತ್ತುವವರು ನೆರೆಯವರನ್ನು ಕೇಳಿಯೇ ಬಿತ್ತಿದರೆ ಮುಂದೆ ವ್ಯಾಜ್ಯವಿರದು. ಈಗಾಗಲೇ ಇರುವ ಮರಗಳ ಕೆಳಗೊಂಬೆಗಳನ್ನು ಸವರಿ, ಬೇಸಗೆಯಲ್ಲಿ ಪೈರಿನ ಕಡೆಗೆ ಒಂದೂವರೆ ಅಡಿ ಆಳದ ಕಾಲುವೆ ತೋಡಿ ಪಕ್ಕದ ಬೇರುಗಳನ್ನು ಕತ್ತರಿಸಿದರೆ ಹಾನಿಯು ತಗ್ಗುವುದು.

ಬಂಡಿಗೆ ಒದಗುವಂತಹ ಮರವು ಸಿದ್ಧವಾಗಲು ಸುಮಾರು 20 ವರ್ಷಗಳಾದರೂ ಬೇಕು. ಕಡಿಯಲು ಒಂದು ಹಗಲು ಸಾಕು. ಆದುದರಿಂದ ಗ್ರಾಮದ ಮುಖಂಡರು ಕೆರೆಯಂಗಳ, ಗೋಮಾಳಗಳನ್ನು ತೆರವು ಮಾಡಿಸುವುದಕ್ಕೆ ಮೊದಲು ತಾವೇ ನಿಂತು ಕರಿಜಾಲಿಗಳಿಗೆ ಸುಣ್ಣದ ಗುರುತು ಹಾಕಿಸಿ ಉಳಿಸಬೇಕು. ಕಡಿಯಲೇಬೇಕಾದ ಮರಕ್ಕೆ ಅರಣ್ಯ ಇಲಾಖೆಯವರಲ್ಲಿ ವಿಚಾರಿಸಿ, ಒಂದು ಮರಕ್ಕೆ ಐದು ಕುಳಿಗಳಂತೆ ಬೀಜವೂರಿಸಿದ ಮೇಲೆಯೇ ಕೊಡಲಿ ಹಾಕಿಸಬೇಕೆಂದು ವಿನಂತಿ.