ಮಾವನವರ ಸಿರಿಂಜು ಬೆಕ್ಕಿಗೆ ಆಗುತ್ತದೆಯೇ?

ಪ್ರಶ್ನೆ: ನಮ್ಮ ಮನೆಯ ಗಂಡು ಬೆಕ್ಕು ಗುಂಡನಿಗೆ ಒಂಬತ್ತು ವರ್ಷ, ತೂಕ ಆರೂವರೆ ಕಿಲೋ. ಈಚೆಗೆ ಬಟ್ಟಲುಗಟ್ಟಲೆ ನೀರು ಕುಡಿಯುತ್ತಿದ್ದ, ತಿಂದರೂ ಇಳಿಯುತ್ತಿದ್ದ. ರಕ್ತ ಪರೀಕ್ಷೆ ಮಾಡಿಸಿದ ಪಶುವೈದ್ಯರು ಸಕ್ಕರೆ ಕಾಯಿಲೆ ಎಂದರು. ಗ್ಲಾರ್ಜಿನ್ ಇನ್ಸುಲಿನ್ ದಿನಕ್ಕೆರಡು ಸಲ, ಒಂದೊಂದು ಯೂನಿಟ್ ಬರೆದುಕೊಟ್ಟಿದ್ದಾರೆ. ನಮ್ಮ ಮಾವನವರಿಗೂ ಅದೇ ಕಾಯಿಲೆ. ಅವರ ಸಿರಿಂಜಿನ ಡಬ್ಬಿ ಮನೆಯಲ್ಲೇ ಇದೆ. ಅದನ್ನೇ ಬಳಸಬಹುದೇ? ಗುಂಡನಿಗೆ ಇಲ್ಲಿಯವರೆಗೆ ಹಾಲನ್ನ, ಮೊಸರನ್ನ ಮತ್ತು ಅಂಗಡಿಯ ಒಣ ಆಹಾರ ಹಾಕುತ್ತಿದ್ದೆವು. ಮನೆಯಲ್ಲಿ ಮಾಂಸ ಬೇಯಿಸುವುದಿಲ್ಲ. ನಾವಿಬ್ಬರೂ ಬೆಳಗ್ಗೆ ಏಳಕ್ಕೆ ಲೋಕಲ್ ಹಿಡಿಯಲು ಹೊರಟರೆ ಮರಳುವುದು ರಾತ್ರಿ ಎಂಟರ ಹೊತ್ತಿಗೆ. ಇದೆಲ್ಲ ಜನ್ಮಪೂರ್ತಿ ಮಾಡಬೇಕೇ?
— ಓದುಗರೊಬ್ಬರು, ಡೊಂಬಿವಲಿ ಪೂರ್ವ

ಉತ್ತರ: ಮೊದಲೇ ಬರೆದು ಕೇಳಿದ್ದು ಬಹಳ ಒಳ್ಳೆಯದಾಯಿತು. ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಒಬ್ಬರಿದ್ದು, ಔಷಧಿ, ಸೂಜಿ ಎಲ್ಲ ಕಣ್ಣೆದುರಿಗೇ ಇರುವಾಗ ಹೀಗೆ ಅನ್ನಿಸುವುದು ಸಹಜ. ಸಿರಿಂಜು, ಊಟ, ಹೊತ್ತು, ಎಷ್ಟು ದಿನ ಎಂದು ನಿಮ್ಮ ಪತ್ರದಲ್ಲಿ ನಾಲ್ಕು ಸಂದೇಹಗಳಿವೆ. ಸಿರಿಂಜಿನ ಮಾತನ್ನು ಮೊದಲು ಹೇಳಿಬಿಡುತ್ತೇನೆ. ಉಳಿದವು ಒಂದು ದಿನ ಕಾಯಬಹುದು, ಅದು ಕಾಯುವಂತಿಲ್ಲ.

ಮಾವನವರ ಸಿರಿಂಜನ್ನು ಗುಂಡನಿಗೆ ಬಳಸಬೇಡಿ. ಕಾರಣ ಸ್ವಚ್ಛತೆ ಮಾತ್ರವಲ್ಲ, ಲೆಕ್ಕ. ನಮ್ಮ ದೇಶದ ಅಂಗಡಿಗಳಲ್ಲಿ ಇನ್ಸುಲಿನ್ ಎರಡು ಸಾಂದ್ರತೆಯಲ್ಲಿ ಸಿಗುತ್ತದೆ. ಹ್ಯೂಮಿನ್ಸುಲಿನ್, ಮಿಕ್ಸ್‌ಟಾರ್ಡ್, ಇನ್ಸುಜೆನ್ ಮುಂತಾದ ಹಳಬರ ಬಾಟಲಿಗಳು ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್‌ನವು. ನಿಮ್ಮ ವೈದ್ಯರು ಬರೆದ ಗ್ಲಾರ್ಜಿನ್ (ಲ್ಯಾಂಟಸ್ ಇರಲಿ, ನಮ್ಮ ಬೆಂಗಳೂರಿನ ಬಯೋಕಾನ್‌ನ ಬೇಸಲಾಗ್ ಇರಲಿ) 100 ಯೂನಿಟ್‌ನದು. ಅಂದರೆ ಅಷ್ಟೇ ನೀರಿನಲ್ಲಿ ಎರಡೂವರೆ ಪಟ್ಟು ಔಷಧ. ಸಿರಿಂಜೂ ಇದಕ್ಕೆ ತಕ್ಕಂತೆ ಎರಡು ಬಗೆ: 40ರದಕ್ಕೆ ಕೆಂಪು ಟೋಪಿ, 100ರದಕ್ಕೆ ಕಿತ್ತಳೆ ಟೋಪಿ. ಮಾವನವರು ಬಾಟಲಿಯಿಂದ ಎಳೆದು ಚುಚ್ಚಿಕೊಳ್ಳುವವರಾದರೆ ಅವರ ಡಬ್ಬಿಯಲ್ಲಿರುವುದು ಬಹುಶಃ ಕೆಂಪು ಟೋಪಿಯದೇ. ಒಂದು ತೆಗೆದು ನೋಡಿ.

ಆ ಕೆಂಪು ಟೋಪಿಯ ಸಿರಿಂಜಿನಲ್ಲಿ ಒಂದು ಗೆರೆಯವರೆಗೆ ಗ್ಲಾರ್ಜಿನ್ ಎಳೆದರೆ ಗುಂಡನ ಮೈಗೆ ಹೋಗುವುದು ಒಂದು ಯೂನಿಟ್ ಅಲ್ಲ, ಎರಡೂವರೆ. ಇಪ್ಪತ್ತು ಯೂನಿಟ್ ತೆಗೆದುಕೊಳ್ಳುವ ಹಿರಿಯರಿಗೆ ಒಂದೂವರೆ ಯೂನಿಟ್ ಹೆಚ್ಚುಕಡಿಮೆಯಾದರೆ ಅಷ್ಟೇನೂ ಆಗಲಿಕ್ಕಿಲ್ಲ. ಆರು ಕಿಲೋದ ಬೆಕ್ಕಿಗೆ ಅದು ಪ್ರಾಣದ ಪ್ರಶ್ನೆ. ಆದ್ದರಿಂದ ಮೆಡಿಕಲ್ ಅಂಗಡಿಯಲ್ಲಿ ‘ಇನ್ಸುಲಿನ್ ಸಿರಿಂಜು’ ಎಂದಷ್ಟೇ ಕೇಳಬೇಡಿ. ‘ನೂರು ಯೂನಿಟ್‌ನ ಇನ್ಸುಲಿನ್‌ಗೆ, 0.3 ಮಿಲಿಲೀಟರಿನದು, ಸಾಧ್ಯವಾದರೆ ಅರ್ಧ ಯೂನಿಟ್ ಗೆರೆ ಇರುವುದು’ ಎಂದು ಕೇಳಿ. ಇಲ್ಲದಿದ್ದರೆ ತರಿಸಿಕೊಡಲು ಹೇಳಿ. ಒಂದು ಮಿಲಿಲೀಟರಿನ ಕಿತ್ತಳೆ ಟೋಪಿಯದರಲ್ಲಿ ಸಾಮಾನ್ಯವಾಗಿ ಗೆರೆಗೆ ಎರಡು ಯೂನಿಟ್ ಇರುತ್ತದೆ. ಒಂದು ಯೂನಿಟ್ ಎಂದರೆ ಅರ್ಧ ಗೆರೆ, ಕಣ್ಣಳತೆಯ ಕೆಲಸ. ತಂದ ಮೇಲೆ ಬಾಟಲಿಯ ಮೇಲಿನ ಸಂಖ್ಯೆ, ಸಿರಿಂಜಿನ ಮೇಲಿನ ಸಂಖ್ಯೆ ಒಂದೇ ಆಗಿದೆಯೇ ಎಂದು ಪ್ರತಿ ಹೊಸ ಪೊಟ್ಟಣಕ್ಕೂ ನೋಡಿ. ಮಾವನವರ ಸಾಮಾನು ಒಂದು ಕಪಾಟಿನಲ್ಲಿ, ಗುಂಡನದು ಇನ್ನೊಂದರಲ್ಲಿ ಇರಲಿ.

ಇಲ್ಲೇ ಇನ್ನೊಂದು ಗೊಂದಲ ಬಗೆಹರಿಸಿಬಿಡೋಣ. ಕಾಯಿಲೆಯ ಹೆಸರು ಒಂದೇ, ಗ್ಲಾರ್ಜಿನ್ ಕೂಡ ಮನುಷ್ಯರ ಔಷಧವೇ. ಹಾಗೆಂದು ಮಾವನವರ ಉಳಿದ ಔಷಧಗಳೂ ಬೆಕ್ಕಿಗೆ ಒಗ್ಗುತ್ತವೆ ಎಂದಲ್ಲ. ಅವರ ಮಿಶ್ರ ಇನ್ಸುಲಿನ್ ಬೆಕ್ಕಿನ ಮೈಯಲ್ಲಿ ಬೇಗ ಏರಿ ಬೇಗ ಇಳಿದುಹೋಗುತ್ತದೆ. ಮೆಟ್‌ಫಾರ್ಮಿನ್ ಮಾತ್ರೆಯಿಂದ ಬೆಕ್ಕಿಗೆ ಹೇಳಿಕೊಳ್ಳುವ ಪ್ರಯೋಜನವಿಲ್ಲ. ಗ್ಲಿಮಿಪಿರೈಡ್‌ನಂಥ ಮಾತ್ರೆ ಸಕ್ಕರೆಯನ್ನು ಪಾತಾಳಕ್ಕೆ ಇಳಿಸೀತು. ‘ಅಮೆರಿಕದಲ್ಲಿ ಬೆಕ್ಕಿಗೂ ಮಾತ್ರೆ ಬಂದಿದೆಯಂತೆ’ ಎಂದು ಯಾರಾದರೂ ಹೇಳಿದರೆ ಅದು ಸುಳ್ಳಲ್ಲ: ಬೆಕ್ಸಾಗ್ಲಿಫ್ಲೋಜಿನ್ ಎಂಬ ಮಾತ್ರೆಗೆ ಅಲ್ಲಿ 2022ರ ಡಿಸೆಂಬರಿನಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಅದು ಹಿಂದೆ ಇನ್ಸುಲಿನ್ ಪಡೆಯದ, ಉಳಿದಂತೆ ಆರೋಗ್ಯವಾಗಿರುವ ಬೆಕ್ಕುಗಳಿಗೆ ಮಾತ್ರ. ಅದೇ ಬಗೆಯ, ಮನುಷ್ಯರಿಗೆಂದು ಮಾಡಿದ ಮಾತ್ರೆ ಇಲ್ಲಿ ಸುಲಭವಾಗಿ ಸಿಗುತ್ತದೆಂದು ಅರ್ಧ ಮುರಿದು ಕೊಡುವ ಸಾಹಸ ಬೇಡ. (ಜ್ವರದ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ ಎಂಬುದನ್ನೂ ಹೇಳಿಬಿಡುತ್ತೇನೆ, ನೀವು ಕೇಳಿಲ್ಲ, ಆದರೂ.)

ಇನ್ನು ಚುಚ್ಚುವ ಬಗೆ. ನೀವು ಹೆದರಿರುವಷ್ಟು ಗುಂಡ ಹೆದರಲಿಕ್ಕಿಲ್ಲ. ಸೂಜಿ ಕೂದಲೆಳೆಯಷ್ಟು ಸಣ್ಣದು. ಅವನು ಬಟ್ಟಲಿಗೆ ಬಾಯಿ ಹಾಕಿದಾಗ ಪಕ್ಕದಲ್ಲಿ ಕೂತು, ಪಕ್ಕೆಯ ಮೇಲಿನ ಅಥವಾ ಹೆಗಲ ಹಿಂದಿನ ಸಡಿಲ ಚರ್ಮವನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿಯಿರಿ. ಎತ್ತಿದ ಮಡಿಕೆಯ ಬುಡದಲ್ಲಿ ಬೆನ್ನಿಗೆ ಸಮಾನಾಂತರವಾಗಿ ಸೂಜಿ ತೂರಿಸಿ, ಮೆಲ್ಲಗೆ ಒತ್ತಿ, ತೆಗೆಯಿರಿ. ಆಮೇಲೆ ಆ ಜಾಗದ ತುಪ್ಪಳ ಮುಟ್ಟಿ ನೋಡಿ. ಒದ್ದೆಯಾಗಿದ್ದು, ಬೆರಳು ಮೂಸಿದಾಗ ಬ್ಯಾಂಡೇಜ್ ಪಟ್ಟಿಯ ವಾಸನೆ ಬಂದರೆ ಸೂಜಿ ಮಡಿಕೆಯನ್ನು ದಾಟಿ ಆಚೆ ಬಂದಿದೆ, ಔಷಧ ಹೊರಗೆ ಬಿದ್ದಿದೆ ಎಂದರ್ಥ. ಹೀಗಾದಾಗ ಎಷ್ಟು ಒಳಗೆ ಹೋಗಿದೆ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಇನ್ನೊಮ್ಮೆ ಚುಚ್ಚಬೇಡಿ. ಮುಂದಿನ ಹೊತ್ತಿಗೆ ಎಂದಿನಷ್ಟೇ ಕೊಡಿ.

ಈ ನಿಯಮ ಹೊಸಬರಿಗೆ ವಿಚಿತ್ರವಾಗಿ ಕಾಣುತ್ತದೆ. ಸಕ್ಕರೆ ಒಂದು ದಿನ 350 ಇದ್ದರೆ ಬೆಕ್ಕಿಗೆ ಕೂಡಲೇ ಏನೂ ಆಗುವುದಿಲ್ಲ. 40ಕ್ಕೆ ಇಳಿದರೆ ಕೆಲವೇ ಗಂಟೆಗಳಲ್ಲಿ ಜೀವಕ್ಕೆ ಕುತ್ತು. ಸಂಶಯ ಬಂದಾಗಲೆಲ್ಲ ಕಡಿಮೆಯ ಕಡೆಗೇ ವಾಲಿರಿ. ಇಳಿದುಹೋದ ಲಕ್ಷಣಗಳು ಇವು: ನಡಿಗೆಯಲ್ಲಿ ತೂರಾಟ, ಶೂನ್ಯ ನೋಟ, ಇದ್ದಕ್ಕಿದ್ದಂತೆ ವಿಪರೀತ ಹಸಿವು ಅಥವಾ ಮಂಕು, ಮೈ ಅದುರು, ಕೊನೆಗೆ ಸೆಳವು. ಅವನು ನುಂಗುವ ಸ್ಥಿತಿಯಲ್ಲಿದ್ದರೆ ಕೂಡಲೇ ತಿನ್ನಿಸಿ. ಇಲ್ಲವಾದರೆ ಜೇನುತುಪ್ಪವನ್ನೋ ದಪ್ಪ ಸಕ್ಕರೆ ನೀರನ್ನೋ ವಸಡಿಗೆ ಹಚ್ಚಿ, ಹಚ್ಚುತ್ತಲೇ ಆಸ್ಪತ್ರೆಗೆ ಹೊರಡಿ. ಸೆಳವು ಬಂದಿರುವಾಗ ಬಾಯಿಗೆ ಸುರಿಯಬೇಡಿ. ಶ್ವಾಸಕೋಶಕ್ಕೆ ಹೋದೀತು, ಬೆರಳಿಗೂ ಕಚ್ಚೀತು. ಡೊಂಬಿವಲಿ, ಕಲ್ಯಾಣ, ಠಾಣೆ, ನವಿ ಮುಂಬಯಿಗಳಲ್ಲಿ ರಾತ್ರಿ ತೆರೆದಿರುವ ಪಶು ಆಸ್ಪತ್ರೆ ಯಾವುದೆಂದು ಇವತ್ತೇ ವಿಚಾರಿಸಿ ನಂಬರ್ ಬರೆದಿಡಿ. ಪರೇಲಿನಲ್ಲಿ ಬಾಯಿ ಸಕರಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ, 1886ರಲ್ಲಿ ಶುರುವಾದ ಪಶುವೈದ್ಯ ಕಾಲೇಜು, ಮಹಾಲಕ್ಷ್ಮಿಯಲ್ಲಿ 2024ರಲ್ಲಿ ತೆರೆದ ಟಾಟಾ ಟ್ರಸ್ಟಿನ ಆಸ್ಪತ್ರೆ ಎಲ್ಲವೂ ಇವೆ. ಅವು ಕಷ್ಟದ ಪ್ರಕರಣಗಳಿಗೆ. ಸಕ್ಕರೆ ಇಳಿದ ಬೆಕ್ಕನ್ನು ಡೊಂಬಿವಲಿಯಿಂದ ಅಲ್ಲಿಯವರೆಗೆ ಒಯ್ಯುವಷ್ಟು ಸಮಯ ಇರುವುದಿಲ್ಲ.

ಊಟದ ಮಾತು. ಇಲ್ಲಿ ನಿಮಗೆ ಸ್ವಲ್ಪ ಕಷ್ಟವಾಗಬಹುದು, ಆದರೂ ಹೇಳಬೇಕು. ಬೆಕ್ಕು ಹುಟ್ಟಾ ಮಾಂಸಾಹಾರಿ. ಪಿಷ್ಟ ಕರಗಿಸುವ ರಸ ಅದರ ಜೊಲ್ಲಿನಲ್ಲಿಲ್ಲ, ಹೊಟ್ಟೆಯೊಳಗೂ ಕಡಿಮೆ. ಅನ್ನ, ಹಾಲಿನ ಸಕ್ಕರೆ ಎಲ್ಲ ಅದಕ್ಕೆ ಹೊರೆ. ಟೌರಿನ್ ಎಂಬ ಪೋಷಕಾಂಶ ಬೆಕ್ಕಿಗೆ ಆಹಾರದಿಂದಲೇ ಬರಬೇಕು. ಕೊರತೆಯಾದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ಹಾಲನ್ನ, ಮೊಸರನ್ನ ನಿಲ್ಲಿಸಲೇಬೇಕು. ಮನೆಯಲ್ಲಿ ಬೇಯಿಸಲಾಗದಿದ್ದರೆ ಬೆಕ್ಕಿಗೆಂದೇ ಮಾಡಿದ ತೇವದ ಆಹಾರದ ಪೌಚ್ ಇದೆ; ಕತ್ತರಿಸಿ ಬಟ್ಟಲಿಗೆ ಹಾಕಿದರೆ ಆಯಿತು, ನಿಮ್ಮ ಪಾತ್ರೆಗೆ ಸಂಬಂಧವೇ ಇಲ್ಲ. ಪಕ್ಕದ ಮನೆಯವರು ಬೇಯಿಸಿದ ಕೋಳಿ ಕೊಟ್ಟರೆ ಈರುಳ್ಳಿ, ಬೆಳ್ಳುಳ್ಳಿ, ಮಸಾಲೆ ಇರಬಾರದು. ಬರೀ ಕೋಳಿಯೂ ಪೂರ್ಣಾಹಾರವಲ್ಲ.

ಪೌಚ್ ಆರಿಸಲು ಒಂದು ಲೆಕ್ಕ ಕಲಿತಿರಿ. ಪೊಟ್ಟಣದ ಮೇಲೆ ಪಿಷ್ಟ ಎಷ್ಟೆಂದು ಸಾಮಾನ್ಯವಾಗಿ ಬರೆದಿರುವುದಿಲ್ಲ. ಪ್ರೋಟೀನ್, ಕೊಬ್ಬು, ನಾರು, ತೇವ, ಬೂದಿ ಇವನ್ನು ಕೂಡಿ ನೂರರಿಂದ ಕಳೆಯಿರಿ, ಉಳಿದದ್ದು ಪಿಷ್ಟ. ಒಣ ಆಹಾರದಲ್ಲಿ 30, 10, 5, 10, 8 ಎಂದಿದ್ದರೆ ಉಳಿಯುವುದು 37. ಪೌಚಿನಲ್ಲಿ 9, 3, 1, 83, 2 ಎಂದಿದ್ದರೆ ಉಳಿಯುವುದು ಬರೀ 2. ಆದರೆ ಅದರಲ್ಲಿ 83 ಪಾಲು ನೀರು; ನೀರನ್ನು ಬಿಟ್ಟ 17ರಲ್ಲಿ 2 ಎಂದರೆ ನೂರಕ್ಕೆ 12ರಷ್ಟು. ಒಣ ಆಹಾರದ ನೀರನ್ನೂ ಹೀಗೆಯೇ ಬಿಟ್ಟರೆ 41. ಹೋಲಿಸಬೇಕಾದದ್ದು ಈ ಎರಡು ಸಂಖ್ಯೆಗಳನ್ನು.

ಇದನ್ನು ಓದಿ ನಾಳೆ ಬೆಳಗ್ಗೆಯೇ ಊಟ ಬದಲಿಸಿಬಿಡಬೇಡಿ. ಪಿಷ್ಟ ಕಡಿಮೆಯಾದರೆ ಸಕ್ಕರೆಯೂ ಇಳಿಯುತ್ತದೆ, ಇನ್ಸುಲಿನ್ ಮಾತ್ರ ಹಿಂದಿನಷ್ಟೇ ಹೋಗುತ್ತಿರುತ್ತದೆ. ವೈದ್ಯರಿಗೆ ತಿಳಿಸಿ ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಬದಲಿಸಿ. ತೂಕ ಇಳಿಯಲೆಂದು ಉಪವಾಸ ಕೆಡವಲೂ ಬಾರದು. ದಪ್ಪ ಬೆಕ್ಕು ಕೆಲವು ದಿನ ತಿನ್ನದಿದ್ದರೆ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಬರುತ್ತದೆ. ಗುಂಡ ಊಟ ಬಿಟ್ಟ ದಿನ ಪೂರ್ತಿ ಇನ್ಸುಲಿನ್ ಕೊಡದೆ ವೈದ್ಯರಿಗೆ ಫೋನ್ ಮಾಡಿ. ಜೊತೆಗೆ ವಾಂತಿಯೂ ಇದ್ದರೆ ಅದೇ ದಿನ ತೋರಿಸಿ.

ಹೊತ್ತಿನ ವಿಷಯದಲ್ಲಿ ನಿಮ್ಮ ಮನೆಯಲ್ಲೇ ಪರಿಹಾರವಿದೆ. ಹನ್ನೆರಡು ಗಂಟೆಯ ಅಂತರ ಬೇಕು, ನೀವು ಮನೆಯಲ್ಲಿರದೆ ಇರುವುದು ಹದಿಮೂರು ಗಂಟೆ. ಬೆಳಗಿನ ಎಂಟರ ಸೂಜಿಯನ್ನು ಮಾವನವರಿಗೆ ವಹಿಸಿ, ರಾತ್ರಿ ಎಂಟರದ್ದು ನಿಮ್ಮದಿರಲಿ. ತಮಗೆ ತಾವೇ ಚುಚ್ಚಿಕೊಂಡು ರೂಢಿಯಿರುವವರ ಕೈ ನಮ್ಮ ನಿಮ್ಮ ಕೈಗಿಂತ ಸ್ಥಿರ. ಇಬ್ಬರು ಕೊಡುವ ಮನೆಯಲ್ಲಿ ಎರಡು ಸಲ ಕೊಟ್ಟುಬಿಡುವ ಅಪಾಯವಿದೆ. ಗೋಡೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಕೊಟ್ಟವರು ಕೊಟ್ಟ ಕೂಡಲೇ ಗುರುತು ಹಾಕಲಿ. ಗುರುತು ಹಾಕಿದ್ದಾರೋ ಇಲ್ಲವೋ, ಕೊಟ್ಟಿದ್ದಾರೋ ಇಲ್ಲವೋ ಎಂದು ಅನುಮಾನ ಬಂದರೆ ಕೊಟ್ಟಂತೆಯೇ ಲೆಕ್ಕ. ಮಳೆಗಾಲದಲ್ಲಿ ಹಳಿಗೆ ನೀರು ಬಂದು ಲೋಕಲ್ ನಿಂತರೆ ಒಂದು ಗಂಟೆ ತಡವಾದದ್ದಕ್ಕೆ ಗಾಬರಿ ಬೇಡ. ಎಷ್ಟು ತಡವಾದರೆ ಆ ಹೊತ್ತಿನದನ್ನು ಬಿಟ್ಟೇಬಿಡಬೇಕು ಎಂಬುದನ್ನು ವೈದ್ಯರಿಂದ ಬರೆಸಿಕೊಂಡಿರಿ. ತಪ್ಪಿದ್ದನ್ನು ಸೇರಿಸಿ ದುಪ್ಪಟ್ಟು ಕೊಡುವುದಂತೂ ಯಾವತ್ತೂ ಇಲ್ಲ. ಬಾಟಲಿ ಫ್ರಿಜ್ಜಿನಲ್ಲಿರಲಿ, ಐಸಿನ ಖಾನೆಯಲ್ಲಲ್ಲ. ಬಳಸಿದ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಳ ಹಾಕಿಟ್ಟು, ಕಸದ ಗಾಡಿಯವರಿಗೆ ಹೇಳಿ ಬೇರೆಯಾಗಿ ಕೊಡಿ. ಅವರ ಕೈಗೆ ಚುಚ್ಚಬಾರದು.

ಮನೆಯಲ್ಲೇ ಸಕ್ಕರೆ ನೋಡುವುದನ್ನು ಕಲಿಯಿರಿ ಎಂಬುದು ನನ್ನ ಒತ್ತಾಯ. ಬೆಕ್ಕಿಗೆ ಹೆದರಿಕೆಯಾದರೂ ಸಕ್ಕರೆ ಏರುತ್ತದೆ. ಕಲ್ಯಾಣ–ಶಿಳ್ ರಸ್ತೆಯ ಗುಂಡಿಗಳಲ್ಲಿ ರಿಕ್ಷಾದಲ್ಲಿ ಕುಲುಕಿಸಿಕೊಂಡು, ನಾಯಿಗಳ ನಡುವೆ ಕೂತ ಬೆಕ್ಕಿನ ರಕ್ತದಲ್ಲಿ 300 ಕಂಡರೆ ಅದು ಕಾಯಿಲೆಯದೋ ಭಯದ್ದೋ ಹೇಳಲಾಗದು. ಅದಕ್ಕೇ ವೈದ್ಯರು ಫ್ರಕ್ಟೋಸಮಿನ್ ಪರೀಕ್ಷೆ ಮಾಡಿಸುತ್ತಾರೆ. ಅದು ಹಿಂದಿನ ಎರಡು ಮೂರು ವಾರಗಳ ಸರಾಸರಿಯನ್ನು ಹೇಳುತ್ತದೆ. ಗುಂಡನಿಗೆ ಅದು ಆಗಿಲ್ಲವಾದರೆ ಕೇಳಿ ನೋಡಿ. ಮನೆಯಲ್ಲಾದರೆ ಕಿವಿಯನ್ನು ಬೆಚ್ಚಗಿನ ಬಟ್ಟೆಯಿಂದ ಒಂದು ನಿಮಿಷ ಹಿಡಿದು, ಹಿಂದೆ ಹತ್ತಿ ಇಟ್ಟು, ಅಂಚಿನಲ್ಲಿ ಚುಚ್ಚಿದರೆ ಸಾಸಿವೆಯಷ್ಟು ರಕ್ತ ಬರುತ್ತದೆ, ಸಾಕು. ಮನುಷ್ಯರ ಗ್ಲುಕೋಮೀಟರ್ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ನಿಜಕ್ಕಿಂತ ಸ್ವಲ್ಪ ಕಡಿಮೆ ತೋರಿಸುತ್ತದೆ, ಅದನ್ನು ವೈದ್ಯರಿಗೆ ಹೇಳಿ. ಔಷಧದಲ್ಲಿರುವ ಬೆಕ್ಕಿಗೆ ದಿನವಿಡೀ 100ರಿಂದ 300ರ ಒಳಗಿದ್ದರೆ ವೈದ್ಯರು ಸಾಮಾನ್ಯವಾಗಿ ತೃಪ್ತರು. ಮಾವನವರಿಗೆ ಹಾಕಿಕೊಟ್ಟ ಗಡಿ ಇಲ್ಲಿ ಅನ್ವಯಿಸುವುದಿಲ್ಲ. ಮೀಟರಿನ ಸಂಖ್ಯೆ ನೋಡಿ ಯೂನಿಟ್ ಏರಿಸುವುದು ಮಾತ್ರ ನೀವಾಗಿ ಮಾಡಬೇಡಿ.

ಕೊನೆಯದು, ಜನ್ಮಪೂರ್ತಿಯೇ ಎಂಬುದು. ಇರಲಿಕ್ಕಿಲ್ಲ. ಬೆಕ್ಕಿನ ಸಕ್ಕರೆ ಕಾಯಿಲೆ ಬಹುಮಟ್ಟಿಗೆ ನಮ್ಮ ಎರಡನೆಯ ಬಗೆಯಂತೆ, ದಪ್ಪ ಮೈಯ, ಮನೆಯೊಳಗೇ ಇರುವ, ಬೀಜ ತೆಗೆಸಿದ ಗಂಡುಗಳಿಗೆ ಹೆಚ್ಚು. ಮೇದೋಜೀರಕ ಗ್ರಂಥಿ ಪೂರ್ತಿ ಸೋತಿರುವುದಿಲ್ಲ, ದಣಿದಿರುತ್ತದೆ. ಬೇಗ ಇನ್ಸುಲಿನ್ ಶುರುವಾಗಿ, ಪಿಷ್ಟ ನಿಂತು, ತೂಕ ನಿಧಾನವಾಗಿ ಇಳಿದರೆ ಸಾಕಷ್ಟು ಬೆಕ್ಕುಗಳಿಗೆ ಕೆಲವು ತಿಂಗಳಲ್ಲಿ ಇನ್ಸುಲಿನ್ ಬೇಡವಾಗುತ್ತದೆ. ಅದರ ಸುಳಿವು ಮೊದಲು ಸಿಗುವುದು ನಿಮಗೆ: ನೀರಿನ ಬಟ್ಟಲು ಸಂಜೆಗೂ ಅರ್ಧ ಉಳಿದಿರುತ್ತದೆ, ಮರಳಿನ ಟ್ರೇಯ ಉಂಡೆಗಳು ಸಣ್ಣದಾಗುತ್ತವೆ, ಮೀಟರಿನಲ್ಲಿ 100ರ ಆಸುಪಾಸು ಮತ್ತೆ ಮತ್ತೆ ಬರುತ್ತದೆ. ಹಾಗೆ ಕಂಡ ದಿನವೇ ವೈದ್ಯರಿಗೆ ಫೋನ್ ಮಾಡಿ, ಯೂನಿಟ್ ಇಳಿಸುವುದನ್ನು ಅವರು ಹೇಳಿಕೊಡುತ್ತಾರೆ. ಇನ್ಸುಲಿನ್ ನಿಂತ ಮೇಲೂ ಹಾಲನ್ನ ಮತ್ತೆ ಶುರುಮಾಡುವಂತಿಲ್ಲ; ಕಾಯಿಲೆ ಮರಳಿ ಬರುತ್ತದೆ. ಇದನ್ನು ಮನೆಯವರಿಗೆ ಒಪ್ಪಿಸುವ ಕೆಲಸ ನಿಮ್ಮದು.