ಗೋಕಾಕದ ಗೊಂಬೆ ಚಿತ್ರಸಂತೆಗೆ ಹೋಗಬೇಕಾದ್ರೆ: ಅರ್ಜಿ ತುಂಬೋ ಪಾಠ

ಗೋಕಾಕ ಅಂದ್ರೆ ನಮ್ಮ ಕ್ಯಾಂಪಸ್ಸಿನಲ್ಲಿ ಎರಡು ಉತ್ತರ ಬರ್ತಾವೆ: ಫಾಲ್ಸ್ ಮತ್ತು ಕರದಂಟು. ಮೂರನೇ ಉತ್ತರ ಹೇಳೋರು ಕಡಿಮೆ. ಅದು ಕಟ್ಟಿಗೆ ಗೊಂಬೆ. ಹಗುರ ಕಟ್ಟಿಗೆಯಲ್ಲಿ ಕೆತ್ತಿ ಬಣ್ಣ ಹಚ್ಚಿದ ದೇವರು, ಪ್ರಾಣಿಗಳು, ಜೊತೆಗೆ ದೂರದಿಂದ ನೋಡಿದ್ರೆ ನಿಜ ಅನ್ನಿಸೋ ಹಣ್ಣು, ತರಕಾರಿ. ಅಲ್ಲಿನ ಜೀನಗಾರ ಮನೆತನಗಳು ತಲೆಮಾರುಗಳಿಂದ ಈ ಕೆಲಸ ಮಾಡ್ತಾ ಬಂದಿವೆ. ಪಕ್ಕದ ಮೂಡಲಗಿ, ಹುಕ್ಕೇರಿ ಹಳ್ಳಿಗಳಲ್ಲಿ ಹಳೇ ಸೀರೆ ಕೂಡಿಸಿ ಕೌದಿ ಹೊಲಿಯೋ ಹೆಣ್ಣುಮಕ್ಕಳಿದ್ದಾರೆ. ಇವರ ಕೆಲಸ ದೊಡ್ಡ ಮೇಳಕ್ಕೆ ಹೋಗಬೇಕಾದ್ರೆ ಮೊದಲು ಒಂದು ಅರ್ಜಿ ದಾಟಬೇಕು. ಕೈಗೆ ಗೊತ್ತಿರೋದನ್ನ ಅರ್ಜಿ ಮಾತಿನಲ್ಲಿ ಕೇಳ್ತದೆ. ಅಲ್ಲೇ ಬಹಳ ಜನ ನಿಂತುಬಿಡ್ತಾರೆ. ಡೇಟಾಶೀಟ್ ಓದಿ, ಲ್ಯಾಬ್ ರೆಕಾರ್ಡ್ ಬರೆದು ರೂಢಿ ಇರೋ ನಾವು ಸಹಾಯ ಮಾಡಬಹುದಾದ ಜಾಗವೂ ಅದೇ.

ಮೇಳ ಯಾವುದು?

ಉದಾಹರಣೆಗೆ ಬೆಂಗಳೂರಿನ ಚಿತ್ರಸಂತೆ ತಗೊಳ್ಳೋಣ. ಕರ್ನಾಟಕ ಚಿತ್ರಕಲಾ ಪರಿಷತ್ತು ಇದನ್ನ ನಡೆಸ್ತದೆ. ಈಚಿನ ವರ್ಷಗಳಲ್ಲಿ ಸಾಮಾನ್ಯವಾಗಿ ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ವಾಹನ ನಿಲ್ಲಿಸಿ, ರಸ್ತೆಯನ್ನೇ ಗ್ಯಾಲರಿ ಮಾಡ್ತಾರೆ. 2021ರಲ್ಲಿ ಕೋವಿಡ್ ಕಾರಣಕ್ಕೆ ಆನ್‌ಲೈನ್ ಆಗಿತ್ತು. 21ನೇ ಸಂತೆ 2024ರ ಜನವರಿ 7ಕ್ಕೆ, 22ನೇದು 2025ರ ಜನವರಿ 5ಕ್ಕೆ ನಡೀತು. ಅರ್ಜಿ ಹಾಕಿದವರೆಲ್ಲರಿಗೂ ಜಾಗ ಸಿಗೋದಿಲ್ಲ, ಆಯ್ಕೆ ಮಾಡ್ತಾರೆ. ಸಂತೆ ಜನವರಿಯಲ್ಲಿ ಇದ್ರೂ ಅರ್ಜಿ ತಿಂಗಳುಗಳ ಮುಂಚೆ ಮುಗೀತದೆ. ಅದಕ್ಕೆ ಆ ವರ್ಷದ ಪ್ರಕಟಣೆಯನ್ನ ಪೂರ್ತಿ ಓದ್ರಿ: ಯಾವ ಥರದ ಕೃತಿ ತಗೋತಾರೆ, ಎಷ್ಟು ಫೋಟೋ, ಶುಲ್ಕ ಎಷ್ಟು, ಕೊನೆ ದಿನ ಯಾವುದು. ಗೊಂಬೆ ಅಥವಾ ಕೌದಿ ಯಾವ ವಿಭಾಗಕ್ಕೆ ಬರ್ತದೆ ಅನ್ನೋ ಅನುಮಾನ ಇದ್ರೆ ಫಾರ್ಮ್ ತುಂಬೋ ಮುಂಚೆ ಫೋನ್ ಮಾಡಿ ಕೇಳೋದು ಒಳ್ಳೇದು.

ಅರ್ಜಿದಾರರು ಯಾರು?

ಹೆಸರು ಅನ್ನೋ ಕಾಲಂನಲ್ಲಿ ಕೆತ್ತಿದವರ, ಹೊಲಿದವರ ಹೆಸರೇ ಇರಬೇಕು. ಫಾರ್ಮ್ ತುಂಬಿದ ಹುಡುಗನದ್ದಲ್ಲ, ಸಗಟಿನಲ್ಲಿ ಕೊಳ್ಳೋ ಅಂಗಡಿಯದ್ದೂ ಅಲ್ಲ. ಒಬ್ಬರು ಕೆತ್ತಿ ಇನ್ನೊಬ್ಬರು ಬಣ್ಣ ಹಚ್ಚಿದ್ರೆ ಇಬ್ಬರ ಹೆಸರನ್ನೂ ವಿವರದಲ್ಲಿ ಬರೀರಿ. ಮನೆಯ ಹೆಣ್ಣುಮಕ್ಕಳು ಮಾಡೋ ಕೆಲಸ ಎಷ್ಟೋ ಸಲ ಗಂಡಸರ ಹೆಸರಿನ ಅಡಿ ಮುಚ್ಚಿಹೋಗ್ತದೆ, ಅದನ್ನ ಕೇಳಿ ತಿಳ್ಕೊಳ್ರಿ. ಫೋನ್ ನಂಬರೂ ಅವರದ್ದೇ ಇರಲಿ, ನಾಳೆ ಆರ್ಡರ್ ಬಂದ್ರೆ ನೇರ ಅವರಿಗೇ ಬರಬೇಕು.

ಫೋಟೋ

ಆಯ್ಕೆ ಮಾಡೋರು ಗೊಂಬೆಯನ್ನ ಕೈಯಲ್ಲಿ ಹಿಡಿಯೋದಿಲ್ಲ, ಫೋಟೋ ನೋಡ್ತಾರೆ. ಮೊಬೈಲ್ ಸಾಕು. ಫ್ಲಾಶ್ ಬೇಡ, ಬಣ್ಣದ ಮೇಲೆ ಬಿಳಿ ಚುಕ್ಕೆ ಬೀಳ್ತದೆ. ಬೆಳಿಗ್ಗೆ ಬಾಗಿಲ ಹತ್ತಿರದ ನೆರಳಿನಲ್ಲಿ, ಹಿಂದೆ ಒಂದೇ ಬಣ್ಣದ ಬಟ್ಟೆ ಹಾಕಿ ತೆಗೀರಿ. ಮುಂದಿನಿಂದ ಒಂದು, ಪಕ್ಕದಿಂದ ಒಂದು, ಕೈಕೆಲಸ ಕಾಣೋ ಹಾಗೆ ಹತ್ತಿರದಿಂದ ಒಂದು. ಕೌದಿಯದ್ದಾದ್ರೆ ಪೂರ್ತಿ ಹಾಸಿ ಮೇಲಿಂದ ಒಂದು, ಹೊಲಿಗೆ ಸಾಲು ಕಾಣೋ ಹಾಗೆ ಒಂದು. ಫಿಲ್ಟರ್ ಹಾಕಬೇಡ್ರಿ. ಫೋಟೋದ ಕೆಂಪು ಬೇರೆ, ಸ್ಟಾಲಿನ ಕೆಂಪು ಬೇರೆ ಆದ್ರೆ ನಂಬಿಕೆ ಹೋಗ್ತದೆ.

ವಿವರ ಬರೆಯೋದು

ಬಹಳ ಅರ್ಜಿಗಳು ಸೋಲೋದು ಇಲ್ಲಿ. “ಗೋಕಾಕದ ಸುಪ್ರಸಿದ್ಧ ಸಾಂಪ್ರದಾಯಿಕ ಗೊಂಬೆ, ಅತ್ಯಂತ ಸುಂದರ, ಇಕೋ ಫ್ರೆಂಡ್ಲಿ” ಅಂತ ಬರೆದ್ರೆ ಓದಿದವರಿಗೆ ಏನೂ ಗೊತ್ತಾಗೋದಿಲ್ಲ. ಯಾವ ಊರಿನ ಗೊಂಬೆಗೂ ಇದನ್ನೇ ಬರೀಬಹುದು. ಇದರ ಬದಲು ಹೀಗೆ ನೋಡ್ರಿ:

“ಎತ್ತು. ಎತ್ತರ 18 ಸೆಂ.ಮೀ. ಮೈ ಒಂದೇ ತುಂಡು ಹಗುರ ಕಟ್ಟಿಗೆ, ಉಳಿಯಿಂದ ಕೆತ್ತಿದ್ದು. ಕೊಂಬು, ಕಿವಿ ಬೇರೆ ಮಾಡಿ ಅಂಟಿಸಿದ್ದು. ಮೊದಲು ಬಿಳಿ ಲೇಪ, ಅದು ಒಣಗಿದ ಮೇಲೆ ಕುಂಚದಿಂದ ಬಣ್ಣ. ಒಟ್ಟು 3 ದಿನದ ಕೆಲಸ.”

ಇದು ನಾನು ಕಟ್ಟಿದ ಮಾದರಿ ಅಷ್ಟೆ. ನಿಜವಾದ ಉತ್ತರ ಮಾಡಿದವರ ಬಾಯಿಂದಲೇ ಬರಬೇಕು. ಪಕ್ಕದಲ್ಲಿ ಕೂತು ಕೇಳ್ರಿ: ಕಟ್ಟಿಗೆ ಯಾವುದು? ಎಷ್ಟು ದಿನ ಒಣಗಿಸ್ತೀರಿ? ಅಂಟು ಯಾವುದು? ಬಣ್ಣ ಅಂಗಡಿದೋ, ಮನೇಲಿ ಮಾಡಿದ್ದೋ? ಅಂಗಡಿಯ ಪೇಂಟ್ ಆದ್ರೆ ಹಾಗಂತಲೇ ಬರೀರಿ, “ನೈಸರ್ಗಿಕ ಬಣ್ಣ” ಅಂತ ಸುಳ್ಳು ಬೇಡ. ಅವರು ಉಪಯೋಗಿಸೋ ಕನ್ನಡ ಪದಗಳನ್ನ ಹಾಗೇ ಉಳಿಸ್ರಿ. ಕೊನೆಗೆ ಒಂದು ಸಾಲು, ಈ ವಸ್ತು ಯಾಕೆ ಇದೆ ಅಂತ. ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಎತ್ತು ಮಾಡಿ ಪೂಜೆ ಮಾಡೋ ನಮ್ಮ ಕಡೆಯವರಿಗೆ ಎತ್ತಿನ ಗೊಂಬೆ ಯಾಕೆ ಅಂತ ಹೇಳೋದು ಬೇಕಾಗಿಲ್ಲ. ಕುಮಾರಕೃಪಾ ರಸ್ತೆಯಲ್ಲಿ ನಿಂತವರಿಗೆ ಹೇಳಬೇಕು.

ಬೆಲೆ

ಇದು ಫಿಕ್ಸೆಡ್ ಕಾಸ್ಟ್, ವೇರಿಯೇಬಲ್ ಕಾಸ್ಟ್ ಲೆಕ್ಕ. ಸುಮ್ಮನೆ ಒಂದು ಉದಾಹರಣೆ ಇಟ್ಕೊಳ್ಳೋಣ. ಗೊಂಬೆಗೆ ಸಾಮಾನು 60 ರೂಪಾಯಿ. ಕೆಲಸ 6 ತಾಸು, ತಾಸಿಗೆ 80 ರೂಪಾಯಿಯಂತೆ 480. ಘಟಪ್ರಭಾ ಸ್ಟೇಷನ್ನಿನಿಂದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯೆಲ್ಲಾ ಪ್ರಯಾಣ, ಊಟ, ಪ್ಯಾಕಿಂಗ್, ಶುಲ್ಕ ಎಲ್ಲಾ ಸೇರಿ 4000. 40 ಗೊಂಬೆ ಹೋದ್ರೆ ಒಂದಕ್ಕೆ 100 ಬೀಳ್ತದೆ, ಒಟ್ಟು 640. ಬರೀ 20 ಹೋದ್ರೆ ಒಂದಕ್ಕೆ 200, ಒಟ್ಟು 740. ಈ ಲೆಕ್ಕದಲ್ಲಿ 300ಕ್ಕೆ ಮಾರಿದ್ರೆ ಕೈಯಿಂದ ಹಣ ಹಾಕಿ ಬಂದ ಹಾಗೆ. ತಮ್ಮ ತಾಸುಗಳನ್ನ ಲೆಕ್ಕಕ್ಕೇ ಹಿಡಿಯದೆ ಬೆಲೆ ಹೇಳೋರು ಬಹಳ. ಈ ಕಾಗದ ಅವರ ಮುಂದೆ ಇಟ್ಟು, ಬೆಲೆ ಅವರೇ ತೀರ್ಮಾನ ಮಾಡಲಿ.

ಕಾರ್ಡು ಮಾಡಿಸ್ರಿ

ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿ ಕುಶಲಕರ್ಮಿಗಳಿಗೆ ‘ಪಹಚಾನ್’ ಗುರುತಿನ ಚೀಟಿ ಕೊಡ್ತದೆ. ಗಾಂಧಿ ಶಿಲ್ಪ ಬಜಾರ್‌ನಂಥ ಸರ್ಕಾರಿ ಮೇಳಗಳಿಗೆ ಇದು ಬೇಕು. ಗೊಂಬೆ ಮಾಡೋರಿಗೆ ಇನ್ನೊಂದು ಕಾರಣವೂ ಇದೆ. 2020ರ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ 14 ವರ್ಷದೊಳಗಿನ ಮಕ್ಕಳು ಆಡೋ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯ. ಫ್ಯಾಕ್ಟರಿಗೆ ಸರಿ, ಒಂದು ಉಳಿ, ಒಂದು ಕುಂಚ ಇಟ್ಕೊಂಡು ಮನೇಲಿ ಕೆಲಸ ಮಾಡೋರು ಲ್ಯಾಬ್ ಟೆಸ್ಟ್ ಎಲ್ಲಿಂದ ಮಾಡಿಸ್ಬೇಕು? ಅದಕ್ಕೇ ಆಯುಕ್ತರ ಕಚೇರಿಯಲ್ಲಿ ನೋಂದಣಿ ಆದ ಕುಶಲಕರ್ಮಿಗಳು ತಾವೇ ಮಾಡಿ ಮಾರೋ ಆಟಿಕೆಗೆ ವಿನಾಯಿತಿ ಕೊಟ್ಟಿದ್ದಾರೆ. ನೋಂದಣಿ ಇಲ್ಲದವರಿಗೆ ಆ ರಕ್ಷಣೆ ಇಲ್ಲ. 2023ರ ಸೆಪ್ಟೆಂಬರ್ 17ಕ್ಕೆ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲೂ ಸಾಂಪ್ರದಾಯಿಕ ಗೊಂಬೆ ತಯಾರಿಕೆ ಇದೆ.

ಮುಂದೇನು?

ಬೆಳಗಾವಿ ಕಡೆಯ ನಾವು ದೀಪಾವಳಿ, ಸೆಮಿಸ್ಟರ್ ರಜೆಗೆ ಹೇಗೂ ಊರಿಗೆ ಹೋಗ್ತೀವಿ. ಒಬ್ಬೊಬ್ಬರು ಒಂದು ಮನೆಗೆ ಹೋಗಿ, ಅರ್ಧ ದಿನ ಕೂತ್ರೆ ಮೂರು ಫೋಟೋ, ಹತ್ತು ಸಾಲು ವಿವರ, ಒಂದು ಬೆಲೆ ಲೆಕ್ಕ ತಯಾರಾಗ್ತದೆ. ಅವರಿಗೆ ಓದಿ ಹೇಳಿ, ಒಪ್ಪಿದ ಮೇಲೆ ಒಂದು ಪ್ರಿಂಟ್ ಅವರ ಮನೇಲಿ ಬಿಟ್ಟು ಬರ್ರಿ. ಈ ವರ್ಷ ಆಯ್ಕೆ ಆಗದಿದ್ರೂ ಅದೇ ಕಾಗದ ಮುಂದಿನ ಅರ್ಜಿಗೆ, ಬೇರೆ ಮೇಳಕ್ಕೆ ಕೆಲಸಕ್ಕೆ ಬರ್ತದೆ. ಮುಂದಿನ ಸಲ ಅವರ ಮನೆಯ ಮಕ್ಕಳೇ ಅದನ್ನ ನೋಡಿ ತುಂಬಬಹುದು.