ತಮಟೆ ಜೊತೆ ಕೋಡ್ ನುಡಿಸುವವರ ಗಮನಕ್ಕೆ

ಬಂಡೂರು, ಮಳವಳ್ಳಿ, ಮದ್ದೂರು ಕಡೆಯ ಪೂಜಾ ಕುಣಿತ, ಪಟ ಕುಣಿತದ ತಮಟೆಗೆ ಜೊತೆಯಾಗಿ ಸೋನಿಕ್ ಪೈ ತಂತ್ರಾಂಶದಲ್ಲಿ ಕೋಡ್ ಬರೆದು ನುಡಿಸಲು ಲ್ಯಾಪ್‌ಟಾಪ್ ಹಿಡಿದು ಬರುವವರು ಮೊದಲು ಇದನ್ನು ಓದಿಕೊಳ್ಳಿ.

ಮಾಡಬೇಕಾದ್ದು

ವೇಗವನ್ನು ಕೂಡಿಸಿ ಏರಿಸಬೇಡಿ, ಗುಣಿಸಿ ಏರಿಸಿ. ನಿಮಿಷಕ್ಕೆ 80 ಪೆಟ್ಟು ಇದ್ದದ್ದು 90 ಆದರೆ ಎಂಟರಲ್ಲೊಂದು ಪಾಲು ಏರಿತು. ಕುಣಿಯುವವರ ಹೆಜ್ಜೆ ತಪ್ಪುತ್ತದೆ. 150 ಇದ್ದದ್ದು 160 ಆದರೆ ಹದಿನೈದರಲ್ಲೊಂದು ಪಾಲು. ಕಾವೇರಬೇಕಾದ ಹೊತ್ತಿಗೆ ಏನೂ ಏರಿದಂತೆ ಅನ್ನಿಸುವುದಿಲ್ಲ. ಪ್ರತಿ ಸುತ್ತಿಗೂ 1.01ರಿಂದ ಗುಣಿಸಿದರೆ ಸುಮಾರು 70 ಸುತ್ತಿಗೆ 80 ಹೋಗಿ 160 ಆಗುತ್ತದೆ, ಯಾವ ಸುತ್ತಿನಲ್ಲೂ ಕಾಲಿಗೆ ಏಟು ಬೀಳುವುದಿಲ್ಲ.

ತಮಟೆಯ ಶ್ರುತಿಯ ಹಿಂದೆ ಹೋಗಿ. ಬೆಂಕಿಗೆ ಕಾಯಿಸಿದಾಗ ಚರ್ಮ ಬಿಗಿಯಾಗಿ ಟಣ್ ಅನ್ನುತ್ತದೆ. ಬಡಿಯುತ್ತಾ, ಇಬ್ಬನಿ ಕುಡಿಯುತ್ತಾ ಸಡಿಲಾಗಿ ದಬ್ ಅನ್ನಲು ಶುರುವಾಗುತ್ತದೆ. ಮತ್ತೆ ಹುಲ್ಲಿನ ಉರಿಗೆ ಹಿಡಿದರೆ ಒಮ್ಮೆಗೇ ಏರುತ್ತದೆ. ಇಳಿಯುವುದು ನಿಧಾನ, ಏರುವುದು ದಿಢೀರ್. ಪೆಟ್ಟಿನ ರೆಕಾರ್ಡಿಂಗ್ ಬಳಸುವವರು ಅದು ಓಡುವ ವೇಗವಾದ ‘ರೇಟ್’ ಅನ್ನು ಪ್ರತಿ ಪೆಟ್ಟಿಗೂ ಕೂದಲೆಳೆಯಷ್ಟು ಇಳಿಸಿ (1ರಿಂದ 0.94ಕ್ಕೆ ಬಂದರೆ ಹೆಚ್ಚುಕಮ್ಮಿ ಅರ್ಧ ಸ್ವರ ಇಳಿದ ಲೆಕ್ಕ), ತಮಟೆ ಕಾಯಿಸಿ ತಂದ ಕೂಡಲೇ 1ಕ್ಕೆ ತನ್ನಿ.

ಮಾಡಬಾರದ್ದು

ನುಡಿಯುತ್ತಿರುವ ಸ್ವರ ಬದಲಿಸಲು ‘ಕಂಟ್ರೋಲ್’ ಕೊಟ್ಟು, ಅದು ಜಾರುವ ಹೊತ್ತಾದ ‘ಸ್ಲೈಡ್’ ಕೊಡುವುದನ್ನು ಮರೆಯಬಾರದು. ಏನೂ ಬರೆಯದಿದ್ದರೆ ಸ್ಲೈಡ್ ಸೊನ್ನೆ. ಸ್ವರ ಜಾರುವುದಿಲ್ಲ, ಹಾರುತ್ತದೆ. ಜಾರಿಕೆಯ ಅಳತೆ ಸೆಕೆಂಡಿನಲ್ಲಲ್ಲ, ಬಡಿತದಲ್ಲಿ: ವೇಗ ಇಮ್ಮಡಿಯಾದರೆ ಜಾರಿಕೆಯೂ ಅರ್ಧ ಹೊತ್ತಿಗೆ ಮುಗಿಯುತ್ತದೆ.

ಒಂದೇ ಲೂಪಿನ ಬಿಪಿಎಂ (ನಿಮಿಷದ ಪೆಟ್ಟು) ಬದಲಿಸಿ ಕೈ ಬಿಡಬೇಡಿ. ಒಂದೊಂದು ಲೂಪಿಗೂ ಅದರದೇ ಬಿಪಿಎಂ; ಮಿಕ್ಕವು ಹಿಂದೆಯೇ ಉಳಿಯುತ್ತವೆ.

ಕೈಬಡಿತದ ಹಾಗೆ ಕೇಳಲಿ ಅಂತ ರ್‍ಯಾಂಡಮ್ ಆಗಿ ಪೆಟ್ಟು ಅತ್ತಿತ್ತ ಸರಿಸುವ ಚಾಳಿ ಬಿಡಿ. ಬಡಿಯುವವರು ಕುಣಿಯುವವರ ಕಾಲು ನೋಡಿ ತಡೆಯುತ್ತಾರೆ, ನೋಡಿಯೇ ತಳ್ಳುತ್ತಾರೆ. ಅದಕ್ಕೆ ಕಾರಣ ಇದೆ, ಲಾಟರಿಗೆ ಇಲ್ಲ.

ತಂಬೂರಿ ಹಿಡಿದ ಕಥೆಗಾರರಾದ ನೀಲಗಾರರು ಮಂಟೇಸ್ವಾಮಿ, ಸಿದ್ದಪ್ಪಾಜಿ ಕಥೆ ಹಾಡುವಾಗಲಂತೂ ಲೂಪ್ ಹಾಕಲೇಬೇಡಿ. ಹಾಡು ನಿಲ್ಲಿಸಿ ಮಾತಿಗಿಳಿದಾಗ ತಂಬೂರಿ ಕಾಯುತ್ತದೆ, ಬರೆದಷ್ಟೇ ಹೊತ್ತು ತಡೆಯುವ ನಿಮ್ಮ ‘ಸ್ಲೀಪ್’ ಕಾಯುವುದಿಲ್ಲ. ಅಷ್ಟೂ ಆಸೆಯಿದ್ದರೆ ಒಂದೇ ಸ್ವರ ಹಿಡಿದು ಅದರ ದನಿಯನ್ನಷ್ಟೇ ಏರಿಸಿ ಇಳಿಸಿ, ಅದನ್ನೂ ಮುಂದಾಗಿ ಹಾಡುವ ಮುಮ್ಮೇಳದವರನ್ನು ಕೇಳಿಯೇ ಮಾಡಿ.